ಬೆಂಕಿಗೆ ಬೆನ್ನು ಕೊಟ್ಟು ನಿಂತವನು

ಥಾರ್ನ್‌ಬೆಕ್ ಊರಿನ ಟ್ಯಾನರ್ ಓಣಿಯಲ್ಲಿ ಹದಿನಾಲ್ಕನೇ ನಂಬರಿನ ಮನೆ ಆಮೋಸ ಸಗ್ಡನ್‌ನದು. ಆ ಮನೆಯಲ್ಲಿ ಯಾವ ವಿಷಯ ತೀರ್ಮಾನವಾಗಬೇಕಾದರೂ ಮೊದಲು ಆಮೋಸನ ಬೆನ್ನು ಬೆಚ್ಚಗಾಗಬೇಕಿತ್ತು. ಸಂಜೆ ಬಸ್ ಡಿಪೋದಿಂದ ಬಂದು, ಟೋಪಿಯನ್ನು ಗೂಟಕ್ಕೆ ತೂಗುಹಾಕಿ, ಊಟ ಮುಗಿಸಿ, ಮೀಸೆ ಒರೆಸಿಕೊಂಡು ಎದ್ದನೆಂದರೆ ನೇರವಾಗಿ ಹೋಗಿ ನಿಲ್ಲುತ್ತಿದ್ದದ್ದು ಅಗ್ಗಿಷ್ಟಿಕೆಯ ಮುಂದೆ. ಮುಖ ಮನೆಯವರ ಕಡೆ, ಹಿಂಭಾಗ ಬೆಂಕಿಯ ಕಡೆ. ಕೋಟಿನ ಹಿಂಬದಿಯನ್ನು ಎರಡೂ ಕೈಯಿಂದ ಒಂದಿಷ್ಟು ಮೇಲೆತ್ತಿ ಹಿಡಿದು, ಹಿಮ್ಮಡಿಯ ಮೇಲೊಮ್ಮೆ ತುದಿಗಾಲ ಮೇಲೊಮ್ಮೆ ತೂಗುತ್ತ ಐದು ನಿಮಿಷ ಸುಮ್ಮನಿರುತ್ತಿದ್ದ. ಶಾಖ ಏರಬೇಕಲ್ಲ! ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅದು ಕೇಳಿಸಿತೋ, ಹೆಂಡತಿ ವಿನ್ನಿ ಹೆಣಿಗೆಯನ್ನು ಮಡಿಲಿಗೆ ಇಳಿಸಬೇಕು, ಮಗಳು ಥೆಲ್ಮಾ ಪುಸ್ತಕ ಮುಚ್ಚಬೇಕು.

ಯಾರ್ಕ್‌ಷೈರ್ ಸೀಮೆಯ ಗಂಡಸರೆಲ್ಲ ಹಾಗೆ ನಿಲ್ಲುವವರೇ. ಪಾದ್ರಿ ಬಂದರೂ ಅಲ್ಲೇ ನಿಲ್ಲುತ್ತಿದ್ದ, ಡಾಕ್ಟರು ಬಂದರೂ ಅಲ್ಲೇ. ಆದರೆ ಅವರೆಲ್ಲ ಚಳಿಗೆ ನಿಲ್ಲುವವರು. ಆಮೋಸ ನಿಲ್ಲುತ್ತಿದ್ದದ್ದು ಅಧಿಕಾರಕ್ಕೆ. ಬಸ್ಸಿನಲ್ಲಿ ಅವನು ಟಿಕೆಟ್ ತಪಾಸಣೆಯವನು. ಅಲ್ಲಿ ಡ್ರೈವರುಗಳು ಅವನ ಮಾತನ್ನು ಕಿವಿಮೇಲೆ ಹಾಕಿಕೊಳ್ಳುತ್ತಿರಲಿಲ್ಲ, ಕಂಡಕ್ಟರ್ ಹೆಂಗಸರು ಅವನ ಬೆನ್ನ ಹಿಂದೆ ಅವನದೇ ನಡಿಗೆ ನಡೆದು ತೋರಿಸುತ್ತಿದ್ದರು. ದಿನವಿಡೀ ನುಂಗಿಕೊಂಡದ್ದನ್ನೆಲ್ಲ ಸಂಜೆ ಅಗ್ಗಿಷ್ಟಿಕೆಯ ಮುಂದಿನ ಆ ಎರಡು ಅಡಿ ಜಮಖಾನದ ಮೇಲೆ ನಿಂತು ಕಕ್ಕುತ್ತಿದ್ದ.

ಅಗ್ಗಿಷ್ಟಿಕೆಯ ವಿಷಯವನ್ನೂ ಹೇಳಿಬಿಡಬೇಕು. ಅದರ ಚೌಕಟ್ಟು ನೋಡಿದವರು ಅಮೃತಶಿಲೆ ಅನ್ನುತ್ತಿದ್ದರು. ಅಮೃತಶಿಲೆಯಲ್ಲ, ಮಾಡಿಗೆ ಹೊದಿಸುವ ಕಪ್ಪು ಹಾಸುಗಲ್ಲು. ಅದರ ಮೇಲೆ ಬಿಳಿ, ಹಸಿರು ಬಣ್ಣದಲ್ಲಿ ಗೆರೆಗಿರೆ ಎಳೆದು ಅಮೃತಶಿಲೆಯ ವೇಷ ಹಾಕಿದ್ದರು. ಆಮೋಸನಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಬಂದವರ ಎದುರು ಅದನ್ನು ಬೆರಳಿನಿಂದ ಬಡಿದು, "ಇಟಲಿಯದು" ಅನ್ನುತ್ತಿದ್ದ. ಮೇಲಿನ ಹಲಗೆಯ ನಡುವೆ ಗಡಿಯಾರ, ಅದರ ಎರಡೂ ಪಕ್ಕಕ್ಕೆ ಕಣ್ಣರಳಿಸಿ ಕೂತ ಪಿಂಗಾಣಿ ನಾಯಿಗಳು, ಆಮೇಲೆ ರಾಣಿಯ ಪಟ್ಟಾಭಿಷೇಕದ ವರ್ಷ ಕೊಂಡ ಚಹಾ ಡಬ್ಬಿ. ಗಡಿಯಾರದ ಹಿಂದೆ ಮನೆಗೆ ಬಂದ ಕಾಗದಪತ್ರವೆಲ್ಲ. ಆ ಮನೆಯಲ್ಲಿ ದೇವರ ಚಿತ್ರವಿರಲಿಲ್ಲ, ಇದ್ದಿದ್ದರೂ ಅಷ್ಟು ಧೂಳು ಒರೆಸಿಸಿಕೊಳ್ಳುತ್ತಿರಲಿಲ್ಲ.

ಒರೆಸುತ್ತಿದ್ದವಳು ವಿನ್ನಿ. ಬೆಳಗಿನ ಐದೂವರೆಗೆ ಏಳುತ್ತಿದ್ದವಳೂ ಅವಳೇ. ಕೊರೆಯುವ ಚಳಿಯಲ್ಲಿ ಮಂಡಿಯೂರಿ ಕೂತು ನಿನ್ನೆಯ ಬೂದಿ ಬಾಚಬೇಕು, ಅದನ್ನು ಜರಡಿ ಹಿಡಿದು ಅರೆಬೆಂದ ಕಲ್ಲಿದ್ದಲನ್ನು ಆರಿಸಿಟ್ಟುಕೊಳ್ಳಬೇಕು. ಹಳೇ ಪೇಪರನ್ನು ಹೊಸೆದು ಸಿಂಬೆ ಮಾಡಿ ತಳಕ್ಕಿಡಬೇಕು, ಅದರ ಮೇಲೆ ಚಕ್ಕೆಯನ್ನು ಅಡ್ಡಡ್ಡ ಜೋಡಿಸಬೇಕು, ಅದರ ಮೇಲೆ ಒಂದೊಂದೇ ಸಣ್ಣ ಇದ್ದಿಲು. ಕಡ್ಡಿ ಗೀರಿ ಹಚ್ಚಿದ ಮೇಲೆ ಅಗ್ಗಿಷ್ಟಿಕೆಯ ಬಾಯಿಗೆ ಪೇಪರಿನ ಒಂದು ದೊಡ್ಡ ಹಾಳೆಯನ್ನು ಅಡ್ಡ ಹಿಡಿದು ನಿಂತರೆ ಗಾಳಿ ಕೆಳಗಿನಿಂದ ಎಳೆದುಕೊಂಡು ಬೆಂಕಿ ಭುಗಿಲ್ಲೆನ್ನುತ್ತಿತ್ತು. ಹಾಳೆಯ ನಡುವೆ ಕಂದುಬಣ್ಣ ಕಾಣಿಸಿದ ಗಳಿಗೆಗೇ ಅದನ್ನು ಕಿತ್ತುಕೊಳ್ಳಬೇಕು, ತಡವಾದರೆ ಹುಬ್ಬು ಸುಡುತ್ತಿತ್ತು. ಅವಳ ಹುಬ್ಬು ಎರಡು ಸಲ ಸುಟ್ಟಿತ್ತು. ಶುಕ್ರವಾರ ಕಬ್ಬಿಣದ ಜಾಲರಿಗೆಲ್ಲ ಕರಿ ಪಾಲಿಶ್ ಉಜ್ಜಿ ಮುಖ ಕಾಣುವಂತೆ ಮಾಡಬೇಕು. ಏಳು ಗಂಟೆಗೆ ಆಮೋಸ ಎದ್ದು ಬರುವ ಹೊತ್ತಿಗೆ ಬೆಂಕಿ ಅಲ್ಲಿ ತಾನಾಗಿಯೇ ಹುಟ್ಟಿದಂತೆ ಉರಿಯುತ್ತಿರುತ್ತಿತ್ತು. ಅವನು ಕೈ ಉಜ್ಜಿಕೊಳ್ಳುತ್ತ ಬಂದು ಅದಕ್ಕೆ ಬೆನ್ನು ಕೊಡುತ್ತಿದ್ದ.

ಸಂಜೆಯೂ ಅಷ್ಟೆ. ಅವನು ದೇಶದ ಸ್ಥಿತಿಗತಿಯ ಬಗ್ಗೆ ಮಾತಾಡುತ್ತಿರುವಾಗ ಹಿಂದೆ ಬೆಂಕಿ ಇಳಿಯುತ್ತ ಬಂದರೆ ವಿನ್ನಿ ಎದ್ದು, ಇಕ್ಕಳದಲ್ಲಿ ಇದ್ದಿಲು ಹಿಡಿದು ಬಗ್ಗುತ್ತಿದ್ದಳು. ಆಮೋಸ ಮಾತು ನಿಲ್ಲಿಸದೆ ಒಂದು ಕಾಲನ್ನು ಅಷ್ಟು ಪಕ್ಕಕ್ಕೆ ಇಡುತ್ತಿದ್ದ. ಅವಳು ಅವನ ಕಾಲ ಸಂದಿಯಿಂದ ಕೈ ತೂರಿಸಿ ಇದ್ದಿಲು ಹಾಕಿ ಬಂದು ಬಾಗಿಲ ಪಕ್ಕದ ತನ್ನ ಕುರ್ಚಿಯಲ್ಲಿ ಕೂರುತ್ತಿದ್ದಳು. ಬಾಗಿಲ ಕೆಳಗಿನ ಸಂದಿನಿಂದ ಬರುವ ಗಾಳಿ ಅವಳ ಕಣಕಾಲಿಗೆ ನೇರವಾಗಿ ಬಡಿಯುತ್ತಿತ್ತು. ಬೆಂಕಿಯ ಹತ್ತಿರ ಕೂತೂ ಕೂತೂ ಕಾಲಮೇಲೆ ಕೆಂಪು ಬಲೆಯಂಥ ಗುರುತು ಎದ್ದ ಹೆಂಗಸರನ್ನು ಆ ಓಣಿಯಲ್ಲಿ ಸೋಮಾರಿಗಳು ಅಂತ ಆಡಿಕೊಳ್ಳುತ್ತಿದ್ದರು. ವಿನ್ನಿಯ ಕಾಲಮೇಲೆ ಅಂಥ ಒಂದು ಗೆರೆಯೂ ಇರಲಿಲ್ಲ. ಎಂಥ ದುಡಿಮೆಗಾರ್ತಿ ಅಂತ ನೆರೆಯವರು ಹೊಗಳುತ್ತಿದ್ದರು. ಅಸಲಿಗೆ ಬೆಂಕಿಗೂ ಅವಳಿಗೂ ನಡುವೆ ಆಮೋಸ ನಿಂತಿದ್ದ, ಅಷ್ಟೆ.

ಈ ನಿಲುವು ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು, ಅದೇ ಜಮಖಾನದ ಮೇಲೆ ಅದೇ ರೀತಿ ನಿಂತು ಸತ್ತವನು. ನಿಂತೇ ಸತ್ತ ಅಂದರೂ ತಪ್ಪಿಲ್ಲ, ಮಾತಿನ ನಡುವೆ ಎದೆ ಹಿಡಿದುಕೊಂಡು ಕುಸಿದಿದ್ದ. ಆಮೋಸನಿಗೆ ಮದುವೆಯಾಗಿ ಆಗ ಮೂರು ತಿಂಗಳು. ಸಮಾಧಿಗೆ ಹೋಗಿಬಂದ ನೆಂಟರು ಹಂದಿಮಾಂಸದ ಹೋಳು ತಿನ್ನುತ್ತ ಕೂತಿದ್ದಾಗ ಜಮಖಾನ ಖಾಲಿ ಇತ್ತು. ಎಲ್ಲರೂ ಅದನ್ನು ನೋಡಿಯೂ ನೋಡದ ಹಾಗಿದ್ದರು. ಇಪ್ಪತ್ತಮೂರು ವರ್ಷದ ಆಮೋಸ ತಟ್ಟೆ ಕೆಳಗಿಟ್ಟು ನಿಧಾನವಾಗಿ ಹೋಗಿ ಅಲ್ಲಿ ನಿಂತ, ಕೋಟಿನ ಹಿಂಬದಿ ಎತ್ತಿದ. ಹೊಸ ಮದುವಣಗಿತ್ತಿ ವಿನ್ನಿಗೆ ಅವತ್ತು ಗಂಡನ ಮೇಲೆ ಹೆಮ್ಮೆಯೇ ಆಗಿತ್ತು. ಹೆಮ್ಮೆಪಟ್ಟದ್ದಕ್ಕೆ ಆಮೇಲೆ ಎಷ್ಟು ಸಲ ತನ್ನನ್ನು ತಾನೇ ಬೈದುಕೊಂಡಳೋ.

ಆ ಜಮಖಾನದ ಮೇಲಿಂದ ಹೊರಬಿದ್ದ ಅಪ್ಪಣೆಗಳಲ್ಲಿ ಬಹಳಷ್ಟು ನಿರುಪದ್ರವಿಗಳು. ಫ್ರಾನ್ಸಿನವರನ್ನು ನಂಬಬಾರದು, ಬೆಳ್ಳುಳ್ಳಿ ಮನೆಗೆ ತರಬಾರದು, ಭಾನುವಾರ ಬಟ್ಟೆ ಒಣಗಿಸಬಾರದು. ಒಂದು ಮಾತ್ರ ನಿರುಪದ್ರವಿಯಾಗಿರಲಿಲ್ಲ. ಥೆಲ್ಮಾಗೆ ಹನ್ನೊಂದು ವರ್ಷವಾದಾಗ ದೊಡ್ಡ ಶಾಲೆಯ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಆ ಓಣಿಯಿಂದ ಪಾಸಾದದ್ದು ಅವಳೊಬ್ಬಳೇ. ಕಾಗದ ಬಂದು ಗಡಿಯಾರದ ಹಿಂದೆ ಮೂರು ದಿನ ಕೂತಿತ್ತು. ಮೂರನೇ ಸಂಜೆ ಆಮೋಸ ಬೆನ್ನು ಕಾಯಿಸಿಕೊಂಡು, ಹೆಣ್ಣುಮಗು ಹೇಗೂ ಮದುವೆಯಾಗಿ ಹೋಗುತ್ತದೆ, ಲ್ಯಾಟಿನ್ ಕಲಿತು ಯಾರಿಗೆ ಚಹಾ ಮಾಡಿಕೊಡಬೇಕು ಅಂದ. ವಿನ್ನಿ ಬಾಯಿ ತೆರೆದಳು. ಅಷ್ಟರಲ್ಲಿ ಬೆಂಕಿ ಇಳಿದಿತ್ತು, ಆಮೋಸ ಕಾಲು ಪಕ್ಕಕ್ಕಿಟ್ಟು ಇದ್ದಿಲು ಅಂತ ಕಣ್ಣಲ್ಲೇ ಹೇಳಿದ. ಅವಳು ಎದ್ದು ಇಕ್ಕಳ ಹಿಡಿದಳು. ಹೇಳಬೇಕೆಂದಿದ್ದ ಮಾತು ಹೊಟ್ಟೆಯಲ್ಲೇ ಉಳಿಯಿತು. ಥೆಲ್ಮಾ ಹದಿನಾಲ್ಕಕ್ಕೆ ಕೋಟು ಹೊಲಿಯುವ ಕಾರ್ಖಾನೆ ಸೇರಿದಳು, ಮೂವತ್ತನಾಲ್ಕಕ್ಕೂ ಅಲ್ಲೇ ಗುಂಡಿ ಹೊಲಿಯುತ್ತಿದ್ದಳು.

ಹಾಗೆ ಮೂವತ್ತೆಂಟು ವರ್ಷ ಕಳೆಯಿತು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಪುರಸಭೆಯವರು ಬಂದು ಟ್ಯಾನರ್ ಓಣಿ ವಾಸಕ್ಕೆ ಯೋಗ್ಯವಲ್ಲ ಅಂತ ಬರೆದುಕೊಂಡು ಹೋದರು. ಓಣಿಗೆ ಓಣಿಯೇ ಕೆಡವಿ, ಜನರನ್ನು ಊರಾಚೆಯ ಹದಿಮೂರು ಅಂತಸ್ತಿನ ಹೊಸ ಕಟ್ಟಡಕ್ಕೆ ಸಾಗಿಸುವುದು ಅಂತ ತೀರ್ಮಾನವಾಯಿತು. ಸಗ್ಡನ್ ಗಂಡಹೆಂಡಿರಿಗೆ ಒಂಬತ್ತನೇ ಅಂತಸ್ತು ಸಿಕ್ಕಿತು. ಆಮೋಸ ಆಗಷ್ಟೇ ನಿವೃತ್ತನಾಗಿದ್ದ.

ಹೊಸ ಮನೆಯಲ್ಲಿ ಅಗ್ಗಿಷ್ಟಿಕೆಯಿಲ್ಲ, ಚಿಮಣಿಯಿಲ್ಲ, ಬೂದಿಯಿಲ್ಲ. ನೆಲದೊಳಗೆ ಹುದುಗಿಸಿದ ತಂತಿ ಕಾದು ಮನೆಯೆಲ್ಲ ಬೆಚ್ಚಗಾಗುತ್ತಿತ್ತು. ವಿನ್ನಿ ಮೊದಲ ದಿನ ಶೂ ಬಿಚ್ಚಿ, ಕಾಲುಚೀಲವನ್ನೂ ಬಿಚ್ಚಿ, ಬರಿಗಾಲಲ್ಲಿ ಆ ನೆಲದ ಮೇಲೆ ನಿಂತಳು. ಬಾಗಿಲ ಹತ್ತಿರವೂ ಬೆಚ್ಚಗಿತ್ತು, ಮೂಲೆಯಲ್ಲೂ ಬೆಚ್ಚಗಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಮರುದಿನ ಬೆಳಿಗ್ಗೆ ಐದೂವರೆಗೆ ಅಭ್ಯಾಸಬಲದಿಂದ ಎಚ್ಚರವಾಗಿ ಎದ್ದು ಕೂತಳು, ಮಾಡುವುದಕ್ಕೆ ಏನೂ ಇರಲಿಲ್ಲ. ಚಹಾ ಮಾಡಿಕೊಂಡು ದೊಡ್ಡ ಕಿಟಕಿಯ ಮುಂದೆ ಕುರ್ಚಿ ಎಳೆದುಕೊಂಡು ಏಳು ಗಂಟೆಯವರೆಗೂ ಕೂತಳು. ಬೆಟ್ಟಸಾಲು, ರೈಲು ನಿಲ್ದಾಣ, ಗಿರಣಿಗೆ ಹೊರಟ ಜನ, ಅವಳು ಹುಟ್ಟಿದ ಊರೇ ಅದು, ಈವರೆಗೆ ಒಮ್ಮೆಯೂ ಇಡಿಯಾಗಿ ನೋಡಿರಲಿಲ್ಲ. ಅವತ್ತೇ ಇನ್ನೊಂದು ಕುರ್ಚಿಯನ್ನೂ ಕಿಟಕಿಯ ಕಡೆ ತಿರುಗಿಸಿಟ್ಟಳು.

ಆಮೋಸನ ಪಾಡು ಹೇಳತೀರದು. ಊಟ ಮುಗಿಸಿ, ಮೀಸೆ ಒರೆಸಿಕೊಂಡು ಎದ್ದ. ಎದ್ದವನಿಗೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ನಾಲ್ಕೂ ಗೋಡೆ ಒಂದೇ ಸಮನೆ ನುಣ್ಣಗಿದ್ದವು. ಕೊನೆಗೆ ಕೋಣೆಯ ನಡುಮಧ್ಯೆ ನಿಂತು, ಕೈ ಹಿಂದೆ ಕಟ್ಟಿ, ಗಂಟಲು ಸರಿಮಾಡಿಕೊಂಡ.

"ಏನಾದ್ರೂ ಬೀಳಿಸ್ಕೊಂಡ್ಯಾ ಆಮೋಸ?" ಅಂತ ವಿನ್ನಿ ಕೇಳಿದಳು. ಅವಳು ನಿಜವಾಗಿಯೂ ಹಾಗೆಂದುಕೊಂಡೇ ಕೇಳಿದ್ದು.

ಎರಡು ವಾರ ಹೀಗೇ ನಡೆಯಿತು. ಸ್ನಾನದ ಮನೆಯ ಬಾಗಿಲಿಗೆ ಒರಗಿ ನಿಂತು ನೋಡಿದ, ಮಾತಿನ ನಡುವೆ ಬಾಗಿಲು ತೆರೆದುಕೊಂಡು ಒಳಗೆ ಬಿದ್ದ. ಬಟ್ಟೆ ಕಪಾಟಿನ ಮುಂದೆ ನಿಂತರೆ ವಿನ್ನಿ ಟವೆಲು ತೆಗೆಯಲು ಬರುತ್ತಿದ್ದಳು. ಮಾತು ಬಾಯಿಗೆ ಬರುತ್ತಿತ್ತು, ಆದರೆ ಅದಕ್ಕೆ ಮೊದಲಿನ ತೂಕವಿರಲಿಲ್ಲ. ಬೆನ್ನಿಗೆ ಶಾಖವಿಲ್ಲದೆ ಗಟ್ಟಿಯಾಗಿ ಒಂದು ಅಭಿಪ್ರಾಯ ಹೇಳುವುದು ತನ್ನಿಂದಾಗದು ಅನ್ನುವುದು ಅವನಿಗೆ ಅರವತ್ತೊಂದನೇ ವಯಸ್ಸಿನಲ್ಲಿ ಗೊತ್ತಾಯಿತು. ಇನ್ನೊಬ್ಬನಾದರೆ ಇಂಥದ್ದು ತಿಳಿದಾಗ ಒಂದಿಷ್ಟು ಯೋಚನೆ ಮಾಡುತ್ತಿದ್ದ. ಆಮೋಸ ಸ್ಕ್ರೂಡ್ರೈವರು, ಸುತ್ತಿಗೆ, ಹಗ್ಗ ತೆಗೆದುಕೊಂಡು ಟ್ಯಾನರ್ ಓಣಿಗೆ ಹೋದ.

ಅಲ್ಲಿ ಕೆಡವುವವರು ಆರನೇ ನಂಬರಿನವರೆಗೆ ಬಂದಿದ್ದರು. ಅವರ ಕಾಲಿಗೆ ಬೀಳುವುದೊಂದು ಬಾಕಿ, ಹಾಗೆ ಬೇಡಿಕೊಂಡು ತನ್ನ ಮನೆಯ ಅಗ್ಗಿಷ್ಟಿಕೆಯ ಚೌಕಟ್ಟನ್ನು ಗೋಡೆಯಿಂದ ಬಿಡಿಸಿಕೊಂಡ. ಗುಜರಿಯವನ ಕುದುರೆಗಾಡಿಯಲ್ಲಿ ಹಾಕಿಸಿ ತಂದ. ಮೇಲಿನ ಹಲಗೆ ಲಿಫ್ಟಿನೊಳಗೆ ಹಿಡಿಸಲಿಲ್ಲ. ಗಾಡಿಯವನೂ ಆಮೋಸನೂ ಆ ಕಲ್ಲನ್ನು ಒಂಬತ್ತು ಅಂತಸ್ತು ಮೆಟ್ಟಿಲು ಹತ್ತಿಸಿದರು. ಪ್ರತಿ ಅಂತಸ್ತಿನಲ್ಲೂ ಬಾಗಿಲು ತೆರೆದು ಜನ ನೋಡಿದರು, ಯಾರದೋ ಸಮಾಧಿಕಲ್ಲು ಅಂದುಕೊಂಡು ಐದನೇ ಅಂತಸ್ತಿನ ಮುದುಕಿ ಎದ್ದು ತಲೆಬಾಗಿ ನಿಂತಳು.

ಅದನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಗಡಿಯಾರ, ನಾಯಿ, ಡಬ್ಬಿ ಎಲ್ಲವನ್ನೂ ಮೊದಲಿನ ಜಾಗಕ್ಕೆ ಇಟ್ಟ. ನಡುವಿನ ತೂತಿನಲ್ಲಿ ಮಾತ್ರ ಬೋಳು ಗೋಡೆ ಹಲ್ಲುಕಿರಿಯುತ್ತಿತ್ತು. ಅದಕ್ಕೊಂದು ವಿದ್ಯುತ್ ಒಲೆ ತಂದ. ಪ್ಲಾಸ್ಟಿಕ್ ಇದ್ದಿಲು, ಕೆಳಗೆ ಕೆಂಪು ಬಲ್ಬು, ಬಲ್ಬಿನ ಬಿಸಿಗೆ ಗರಗರ ತಿರುಗುವ ಒಂದು ತಗಡಿನ ಚಕ್ರ. ಚಕ್ರ ತಿರುಗಿದಾಗ ಇದ್ದಿಲಿನ ಮೇಲೆ ಜ್ವಾಲೆ ಆಡಿದ ಹಾಗೆ ಕಾಣುತ್ತಿತ್ತು. ಕಲ್ಲು ಅಮೃತಶಿಲೆಯ ವೇಷದಲ್ಲಿ, ಪ್ಲಾಸ್ಟಿಕ್ಕು ಇದ್ದಿಲಿನ ವೇಷದಲ್ಲಿ, ಬಲ್ಬು ಬೆಂಕಿಯ ವೇಷದಲ್ಲಿ. ಎಲ್ಲದರ ಮುಂದೆ ಆಮೋಸ ಯಜಮಾನನ ವೇಷದಲ್ಲಿ ನಿಂತು ಕೋಟಿನ ಹಿಂಬದಿ ಎತ್ತಿದ.

ಕೆಳಗೆ ನೆಲ ಕಾಯುತ್ತಿತ್ತು, ಹಿಂದೆ ವಿದ್ಯುತ್ ಒಲೆ ಕಾಯುತ್ತಿತ್ತು. ಹತ್ತು ನಿಮಿಷಕ್ಕೆ ಹಣೆಯಿಂದ ಬೆವರಿಳಿಯಿತು. ಕೋಟು ಬಿಚ್ಚಿದ, ಸ್ವೆಟರು ಬಿಚ್ಚಿದ, ಕೊನೆಗೆ ಅಂಗಿಯ ತೋಳು ಮಡಚಿ, ಕಿಟಕಿ ತೆರೆ ಅಂತ ವಿನ್ನಿಗೆ ಹೇಳಿದ. ಕಾರ್ಖಾನೆಯ ಹತ್ತಿರ ಬಾಡಿಗೆ ಕೋಣೆ ಹಿಡಿದಿದ್ದ ಥೆಲ್ಮಾ ಭಾನುವಾರ ಬಂದವಳು, ಅಪ್ಪ ಸಮುದ್ರತೀರಕ್ಕೆ ಹೋಗೋ ಹಾಗಿದ್ದಾರೆ ಅಂತ ನಕ್ಕಳು. ಅದನ್ನೂ ಸಹಿಸಿಕೊಂಡಾನು, ಸಹಿಸಲಾಗದ್ದು ಕುರ್ಚಿಗಳು. ಎರಡೂ ಕುರ್ಚಿ ಕಿಟಕಿಯ ಕಡೆಗಿದ್ದವು. ಅವನು ಯುರೋಪಿನ ಭವಿಷ್ಯದ ಬಗ್ಗೆ ಹೇಳುತ್ತಿದ್ದರೆ ಎದುರಿಗೆ ಕಾಣುತ್ತಿದ್ದದ್ದು ಹೆಂಡತಿಯ ತುರುಬು, ಮಗಳ ತಲೆಯ ಹಿಂಭಾಗ. ಕುರ್ಚಿ ತಿರುಗಿಸು ಅಂತ ಹೇಳಿ ನೋಡಿದ. ವಿನ್ನಿ ಆಯಿತು ಅನ್ನುತ್ತಿದ್ದಳು, ಬೆಳಿಗ್ಗೆ ಹೊತ್ತಿಗೆ ಕುರ್ಚಿ ಮತ್ತೆ ಕಿಟಕಿಯ ಕಡೆಗೇ ಇರುತ್ತಿತ್ತು. ಜಗಳವಿಲ್ಲ, ಮಾತಿಲ್ಲ. ಬೆನ್ನು ಕೊಟ್ಟು ನಿಲ್ಲುವುದನ್ನು ಅವಳೂ ಕಲಿತಿದ್ದಳು.

ಅಕ್ಟೋಬರ್ ಕೊನೆಗೆ ಆಮೋಸ ಯಾರಿಗೂ ಹೇಳದೆ ಪುರಸಭೆಗೆ ಹೋಗಿ, ಚಿಮಣಿಯಿರುವ ಮನೆ ಬೇಕು ಅಂತ ಅರ್ಜಿ ಹಾಕಿದ. ಮನೆ ಹಂಚುವ ಅಧಿಕಾರಿ ಟಾಸ್ಕರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅರ್ಜಿ ಓದಿದನಂತೆ. ಆ ಕಟ್ಟಡಕ್ಕೆ ಮುನ್ನೂರು ಸಂಸಾರ ಕಾದಿತ್ತು, ಬಿಟ್ಟುಹೋಗುತ್ತೇನೆ ಅಂದವನು ಇವನೊಬ್ಬನೇ. ಕ್ವಾರಿ ಬೀದಿಯಲ್ಲಿ ಒಂದು ಹಳೇ ಮನೆ ಖಾಲಿಯಿತ್ತು. ಕಲ್ಲಿದ್ದಲಿನ ಅಗ್ಗಿಷ್ಟಿಕೆ, ಹಿತ್ತಲಾಚೆ ಕಕ್ಕಸು, ಬಿಸಿನೀರಿನ ನಲ್ಲಿಯಿಲ್ಲ. ಶನಿವಾರದೊಳಗೆ ನೋಡಿ ಒಪ್ಪಿಗೆ ಹೇಳಬೇಕು, ಒಪ್ಪಿದರೆ ಒಂಬತ್ತನೇ ಅಂತಸ್ತಿನದು ಬೇರೆಯವರಿಗೆ ಹೋಗುತ್ತದೆ ಅಂದ.

ಆಮೋಸ ಅವತ್ತು ಸಂಜೆ ಬೆವರುತ್ತ ನಿಂತು ವಿಷಯ ತಿಳಿಸಿದ. ಕೇಳಿದ್ದಲ್ಲ, ತಿಳಿಸಿದ್ದು. ಬಾಡಿಗೆ ಚೀಟಿ ಅವನ ಹೆಸರಿನಲ್ಲಿತ್ತು, ಅವನು ಸಹಿ ಹಾಕಿದರೆ ಮುಗಿಯಿತು. ವಿನ್ನಿ ಹೆಣಿಗೆಯನ್ನು ಮಡಿಲಿಗೆ ಇಳಿಸಿದಳು. ಅರವತ್ತು ಮುಟ್ಟುತ್ತಿರುವ ಮಂಡಿಗಳು, ಐದೂವರೆ ಗಂಟೆ, ಬೂದಿ, ಜರಡಿ, ಆ ಬಾಗಿಲ ಸಂದಿನ ಗಾಳಿ ಎಲ್ಲ ಒಟ್ಟಿಗೆ ನೆನಪಾದವು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಇವನನ್ನು ಬಿಟ್ಟುಬಿಡಲೇ ಅಂತ ಯೋಚಿಸಿದಳು. ಕೋಪ ಅಷ್ಟು ಬಂದಿತ್ತು. ಆದರೆ ಕುರ್ಚಿಯಿಂದ ಏಳಲಿಲ್ಲ, ದನಿ ಎತ್ತಲಿಲ್ಲ.

"ನನ್ ಮಂಡಿ ಇನ್ನು ಬಗ್ಗಲ್ಲ ಆಮೋಸ" ಅಂದಳು. "ಆ ಮನೆ ಬೆಂಕಿ ಇನ್ಮೇಲೆ ನಿಂದು. ಶನಿವಾರ ಹೋಗಿ ಮನೆ ನೋಡೋಣ. ನೀನೇ ಒಂದ್ಸಲ ಬೆಂಕಿ ಹಚ್ಚಿ ತೋರ್ಸು. ಅದು ಹತ್ತಿಕೊಳ್ತು ಅಂದ್ರೆ ನಾನು ಒಂದ್ ಮಾತೂ ಆಡ್ದೆ ಗಂಟುಮೂಟೆ ಕಟ್ತೀನಿ."

"ಹತ್ಕೊಳ್ಳಿಲ್ಲ ಅಂದ್ರೆ?" ಅಂದ ಆಮೋಸ, ನಗುತ್ತಲೇ.

"ಹತ್ಕೊಳ್ಳಿಲ್ಲ ಅಂದ್ರೆ ಇಲ್ಲೇ ಇರ್ತೀವಿ."

ಆಮೋಸ ಒಪ್ಪಿದ. ಬೆಂಕಿ ಹಚ್ಚುವುದರಲ್ಲೇನು ಮಹಾ, ಬೆಂಕಿಯ ಜೊತೆಗೇ ಬಾಳಿದವನು ತಾನು ಅಂದ. ಅಷ್ಟು ದಿನಗಳಲ್ಲಿ ಅವನ ಮಾತಿಗೆ ಅಷ್ಟು ಆತ್ಮವಿಶ್ವಾಸ ಬಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕ್ವಾರಿ ಬೀದಿಯ ಮನೆಯಲ್ಲಿ ನಾಲ್ಕು ಜನ ಸೇರಿದರು. ಆಮೋಸ, ವಿನ್ನಿ, ರಜೆಯಿದ್ದ ಥೆಲ್ಮಾ, ಬೀಗದ ಕೈ ಹಿಡಿದ ಟಾಸ್ಕರ್. ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ಚಳಿ. ಇದ್ದಿಲಿನ ಬಕೆಟ್ಟು, ಒಂದು ಕಟ್ಟು ಚಕ್ಕೆ, ಹಳೇ ಪೇಪರು, ಬೆಂಕಿಪೊಟ್ಟಣ ಎಲ್ಲವನ್ನೂ ವಿನ್ನಿಯೇ ಹೊಂದಿಸಿ ತಂದಿದ್ದಳು. ಚಿಮಣಿಯನ್ನು ಹೋದ ತಿಂಗಳಷ್ಟೇ ಗುಡಿಸಿದೆ ಅಂತ ಟಾಸ್ಕರ್ ಹೇಳಿದ. ಆಮೋಸ ಕೋಟು ಬಿಚ್ಚಿ ಮಗಳ ಕೈಗೆ ಕೊಟ್ಟು, ಅಗ್ಗಿಷ್ಟಿಕೆಯ ಮುಂದೆ ಮಂಡಿಯೂರಿದ. ಅವನ ಮುಖ ಬೆಂಕಿಗೂಡಿನ ಕಡೆ ತಿರುಗಿದ್ದನ್ನು ವಿನ್ನಿ ನೋಡಿದ್ದು ಅದೇ ಮೊದಲು.

ಬಕೆಟ್ಟಿನಿಂದ ದೊಡ್ಡ ದೊಡ್ಡ ಇದ್ದಿಲನ್ನೇ ಆರಿಸಿ, ಇಟ್ಟಿಗೆ ಕಟ್ಟುವವನ ಹಾಗೆ ಜಾಲರಿಯ ಮೇಲೆ ಒತ್ತೊತ್ತಾಗಿ ಜೋಡಿಸಿದ. ನಡುವೆ ಒಂದು ಸೂಜಿ ತೂರುವ ಸಂದೂ ಬಿಡಲಿಲ್ಲ. ಅದರ ಮೇಲೆ ಚಕ್ಕೆಯ ಕಟ್ಟನ್ನು ದಾರ ಸಮೇತ ಇಟ್ಟ. ಅದರ ಮೇಲೆ ಪೇಪರನ್ನು ಮಡಿಕೆ ಬಿಚ್ಚದೆ, ಮೇಜಿಗೆ ಬಟ್ಟೆ ಹಾಸುವಂತೆ ಹಾಸಿದ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಕಡ್ಡಿ ಗೀರಿದ. ಪೇಪರಿನ ಅಂಚು ಕಪ್ಪಾಗಿ, ಸುರುಳಿಯಾಗಿ, ಹೊಗೆಯಾಡಿ ಆರಿತು. ಇನ್ನೊಂದು ಕಡ್ಡಿ ಗೀರಿದ, ಮತ್ತೊಂದು ಗೀರಿದ. ಮೇಲಿನಿಂದ ಜೋರಾಗಿ ಊದಿದ, ಸುಟ್ಟ ಪೇಪರಿನ ಚೂರು ಹಾರಿ ಮೀಸೆಯ ಮೇಲೆ ಕೂತವು. ಚಿಮಣಿಯ ಬಾಯಿಗೆ ಒಂದು ತಗಡಿನ ಮುಚ್ಚಳವಿದೆ, ಅದನ್ನು ಎಳೆದು ತೆರೆಯಬೇಕು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಇದ್ದಬದ್ದ ಹೊಗೆಯೆಲ್ಲ ಕೋಣೆಗೇ ಹೊರಳಿತು, ಟಾಸ್ಕರ್ ಕೆಮ್ಮಿದ.

"ಇದ್ದಿಲು ಒದ್ದೆಯಾಗಿದೆ" ಅಂದ ಆಮೋಸ.

ಪೊಟ್ಟಣ ಅರ್ಧ ಖಾಲಿಯಾಗಿತ್ತು. ಕಡ್ಡಿ ಒಳ್ಳೆಯದಲ್ಲ ಅಂದ, ಚಿಮಣಿ ಸರಿಯಾಗಿ ಗುಡಿಸಿಲ್ಲ ಅಂದ, ಈಗಿನ ಪೇಪರಿನಲ್ಲಿ ಬರೀ ನೀರು ಅಂದ. ಟಾಸ್ಕರ್ ತನ್ನ ಮನೆಯಲ್ಲಿ ದಿನಾ ಬೆಂಕಿ ಹಚ್ಚುವವನು, ತಡೆಯಲಾರದೆ ಪೇಪರು ಕೆಳಗೆ ಅಂತ ಏನೋ ಹೇಳಹೋದ. ವಿನ್ನಿ ಅವನ ಕಡೆ ಒಂದು ನೋಟ ನೋಡಿದಳು. ಅವನು ಬೀಗದ ಕೈಯನ್ನು ಎಣಿಸತೊಡಗಿದ. ಥೆಲ್ಮಾ ಮೊದಲು ತುಟಿ ಕಚ್ಚಿ ನಗು ತಡೆದಿದ್ದವಳು ಈಗ ನಗುತ್ತಿರಲಿಲ್ಲ. ಅಪ್ಪನ ಕೋಟನ್ನು ಎದೆಗವಚಿಕೊಂಡು, ತನ್ನ ಬದುಕನ್ನೇ ತೀರ್ಮಾನ ಮಾಡಿದ ಆ ಮನುಷ್ಯನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು.

ವಿನ್ನಿಗೆ ಖುಷಿಯಾಗಬೇಕಿತ್ತು. ಅದಕ್ಕೇ ಅವಳು ಬಂದದ್ದು. ಆದರೆ ಮಸಿ ಹತ್ತಿದ ಆ ಬೋಳುತಲೆಯನ್ನು ನೋಡುತ್ತಿದ್ದರೆ ಖುಷಿ ಬರಲಿಲ್ಲ. ಅವಳ ಬೆರಳುಗಳು ತಾವಾಗಿಯೇ ಇಲ್ಲದ ಪೇಪರನ್ನು ಹೊಸೆಯುತ್ತಿದ್ದವು. ಎರಡು ನಿಮಿಷದ ಕೆಲಸ, ಮಂಡಿಯೂರಿದರೆ ಮುಗಿಯಿತು. ಒಂದು ಹೆಜ್ಜೆ ಮುಂದಿಟ್ಟೂಬಿಟ್ಟಳು. ಮಂಡಿಯೂರಿದರೆ ಮುಗಿಯಿತು ಅನ್ನುವುದರ ಅರ್ಥ ಆಗ ಹೊಳೆಯಿತು. ಕೈ ಎರಡನ್ನೂ ಕೋಟಿನ ಜೇಬಿಗೆ ತುರುಕಿಕೊಂಡು ನಿಂತಳು.

ಆಮೋಸ ಕೊನೆಗೂ ತಿರುಗಿ ನೋಡಿದ. ಹೊಗೆಗೆ ಕಣ್ಣು ಕೆಂಪಾಗಿತ್ತು.

"ವಿನ್ನಿ, ಈ ಪೇಪರು... ನೀನು ಎಲ್ಲಿಡ್ತಿದ್ದೆ?"

"ನಿನ್ ಹಿಂದೇನೇ ಇಡ್ತಿದ್ದೆ ಆಮೋಸ. ನಿನ್ ಕಾಲ್ ಸಂದೀಲೇ ಇದ್ದಿಲು ಹಾಕ್ತಿದ್ದೆ. ಮೂವತ್ತೆಂಟು ವರ್ಷದಲ್ಲಿ ಒಂದಿನ ತಿರುಗಿ ನೋಡಿದ್ರೆ ಸಾಕಾಗಿತ್ತು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವನು ಚೌಕಟ್ಟು ಹಿಡಿದುಕೊಂಡು ಎದ್ದ. ಟಾಸ್ಕರ್ ಕಡೆ ನೋಡಿ, ಮನೆಯ ಚಿಮಣಿ ಕೆಟ್ಟಿದೆ, ಇಂಥ ಮನೆಯನ್ನು ಜನಕ್ಕೆ ತೋರಿಸಲು ನಿಮಗೆ ನಾಚಿಕೆಯಾಗಬೇಕು ಅಂದ. ಟಾಸ್ಕರ್ ಒಳ್ಳೆಯವನು, ಹೌದು ಸಗ್ಡನ್ ಅವರೇ ಅಂತ ತಲೆಯಾಡಿಸಿ ಬೀಗ ಹಾಕಿದ.

ಮೂವರೂ ಮನೆಗೆ ಹಿಂದಿರುಗಿದರು. ಲಿಫ್ಟಿನಲ್ಲಿ ಮೂವರೂ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಒಳಗೆ ಬಂದು ಕೈ ತೊಳೆದು, ಮೀಸೆಯ ಮಸಿ ಒರೆಸಿಕೊಂಡು, ಕೋಟು ಹಾಕಿಕೊಂಡು ಅವನು ಗೋಡೆಗೆ ಆನಿಸಿದ ಚೌಕಟ್ಟಿನ ಮುಂದೆ ಹೋಗಿ ನಿಂತ. ವಿನ್ನಿ, ಥೆಲ್ಮಾ ಅಷ್ಟರಲ್ಲಿ ಕಿಟಕಿಯ ಮುಂದೆ ಕೂತಿದ್ದರು. ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು.

ಆಮೋಸ ಗಂಟಲು ಸರಿಮಾಡಿಕೊಂಡ. "ನಾನು ತೀರ್ಮಾನ ಮಾಡಿದೀನಿ" ಅಂದ. "ನಾವು ಇಲ್ಲೇ ಇರೋದು."

ಥೆಲ್ಮಾ ಅಮ್ಮನ ಮುಖ ನೋಡಿದಳು. ವಿನ್ನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೆದ್ದದ್ದು ತಾನು, ಆದರೆ ಗೆಲುವನ್ನೂ ಇವನೇ ಘೋಷಿಸಬೇಕು. ಆಗಲಿ ಬಿಡು ಅನ್ನಿಸಿತು. ಥೆಲ್ಮಾಗೆ ಕಣ್ಸನ್ನೆ ಮಾಡಿ ತನ್ನ ಪಕ್ಕದ ಕುರ್ಚಿ ಬಿಡಿಸಿದಳು.

"ಸರಿ ಆಮೋಸ. ಬಾ, ಇಲ್ಲಿ ಕೂತ್ಕೊ ಈಗ. ಬೆಟ್ಟ ಚೆನ್ನಾಗ್ ಕಾಣ್ತಿದೆ."

ಅವನು ಕುರ್ಚಿ ನೋಡಿದ, ಕಿಟಕಿ ನೋಡಿದ. ಒಂದು ಕ್ಷಣ ಬಂದೇಬಿಡುತ್ತಾನೆ ಅಂತ ವಿನ್ನಿಗೆ ಅನ್ನಿಸಿತ್ತು. ಆಮೇಲೆ ಅವನು ಕೋಟಿನ ಹಿಂಬದಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಹಿಮ್ಮಡಿಯ ಮೇಲೊಮ್ಮೆ ತೂಗಿದ.

"ಬೇಡ. ಇಲ್ಲೇ ಬೆನ್ನಿಗೆ ಹಿತವಾಗಿ ಕಾವು ಬರ್ತಿದೆ" ಅಂದ.

ವಿದ್ಯುತ್ ಒಲೆಯ ಸ್ವಿಚ್ಚು ಹಾಕಿರಲಿಲ್ಲ. ವಿನ್ನಿ ಅದನ್ನು ನೋಡಿದಳು, ಹೇಳಲು ಹೋಗಲಿಲ್ಲ.